ವೋಟಿಲ್ಲದಿದ್ದರೂ ಕ್ಯಾಪಿಟಲ್ ಹಿಲ್‌ನಲ್ಲಿ ನಾನು ಲಾಬಿ ಮಾಡಿದ್ದು ಹೀಗೆ

ನಾನು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎಚ್‌1ಬಿ ಅನ್ನುವ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಕೆಲಸ ಮಾಡುವವನು. ಇಲ್ಲಿ ನನಗೆ ವೋಟಿಲ್ಲ. ಚುನಾವಣೆಗೆ ನಿಂತವರಿಗೆ ಒಂದು ಡಾಲರ್ ದೇಣಿಗೆ ಕೊಟ್ಟರೂ ಅದು ಕಾನೂನಿಗೆ ವಿರುದ್ಧ. ಆದರೆ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿರುವ ಸಂಸದರ ಕಚೇರಿಗೆ ಹೋಗಿ "ಈ ಮಸೂದೆಗೆ ಬೆಂಬಲ ಕೊಡಿ" ಅಂತ ಕೇಳಬಹುದು. ಸರ್ಕಾರದ ಮುಂದೆ ಅಹವಾಲು ಹೇಳಿಕೊಳ್ಳುವ ಹಕ್ಕು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಇದೆ. ದುಡ್ಡು ತಗೊಂಡು ಬೇರೆಯವರ ಪರವಾಗಿ ಲಾಬಿ ಮಾಡುವವರು 1995ರ ಕಾನೂನಿನ ಪ್ರಕಾರ ಹೆಸರು ನೋಂದಾಯಿಸಿ, ಲೆಕ್ಕ ಒಪ್ಪಿಸಬೇಕು. ನಮ್ಮ ಕಷ್ಟವನ್ನು ನಾವೇ ಹೇಳಿಕೊಳ್ಳುವುದಕ್ಕೆ ಅದೇನೂ ಬೇಡ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ಮನೆ ಕೂತಿದ್ದಾರೆ.

ನಮ್ಮ ಕಷ್ಟ ಗ್ರೀನ್ ಕಾರ್ಡಿನದು, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಯದು. 1990ರ ಕಾನೂನು ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಇಟ್ಟಿದೆ. ಹೆಂಡತಿ, ಗಂಡ, ಮಕ್ಕಳು ಎಲ್ಲರೂ ಅದರಲ್ಲೇ ಬರಬೇಕು. ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಜಾಸ್ತಿ ಇಲ್ಲ. ದೇಶ ದೊಡ್ಡದಾಗಿರಲಿ, ಚಿಕ್ಕದಾಗಿರಲಿ, ಮಿತಿ ಒಂದೇ. ಹಾಗಾಗಿ ಭಾರತದವರ ಸಾಲು ದಶಕಗಳಷ್ಟು ಉದ್ದವಾಗಿದೆ. ಚಿಕ್ಕಂದಿನಲ್ಲಿ ಬಂದ ಮಕ್ಕಳು 21 ತುಂಬಿದ ಮೇಲೆ ತಂದೆತಾಯಿಯ ವೀಸಾದ ನೆರಳಲ್ಲಿ ಇರುವಂತಿಲ್ಲ.

ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ಗೆಳೆಯರು ಕೇಳುತ್ತಾರೆ: "ಯಾವ ಪಕ್ಷ ಗೆದ್ದರೆ ನಮಗೆ ಒಳ್ಳೇದು?" ನನಗೆ ಈ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತದೆ. 1,40,000 ಮತ್ತು ಶೇ. 7 ಎರಡೂ ಕಾನೂನಿನಲ್ಲಿ ಬರೆದ ಅಂಕಿಗಳು. ಯಾವ ಅಧ್ಯಕ್ಷರೂ ಒಂದು ಸಹಿ ಹಾಕಿ ಅವನ್ನು ಬದಲಾಯಿಸಲು ಆಗದು. ಕಾಂಗ್ರೆಸ್, ಅಂದರೆ ಪ್ರತಿನಿಧಿ ಸಭೆ, ಸೆನೆಟ್ ಎರಡೂ ಸೇರಿದ ಇಲ್ಲಿನ ಸಂಸತ್ತು, ಬದಲಾಯಿಸಬೇಕು. ಪಕ್ಷವೂ ನಮ್ಮೂರಿನ ಪಕ್ಷದಂತಲ್ಲ. ಭಾರತದಲ್ಲಿ ಪಕ್ಷ ವಿಪ್ ಕೊಟ್ಟ ಮೇಲೆ ಮೀರಿದವರ ಸದಸ್ಯತ್ವವೇ ಹೋಗಬಹುದು. ಇಲ್ಲಿ ಪಕ್ಷಾಂತರ ನಿಷೇಧ ಕಾನೂನಿಲ್ಲ. ತನ್ನ ಕ್ಷೇತ್ರದ ಜನ ಏನು ಹೇಳುತ್ತಾರೆ ಅನ್ನುವುದೇ ಸಂಸದನಿಗೆ ಜಾಸ್ತಿ ಮುಖ್ಯ. ಪ್ರತಿನಿಧಿ ಸಭೆಯವರಂತೂ ಎರಡು ವರ್ಷಕ್ಕೊಮ್ಮೆ ಮತ್ತೆ ವೋಟು ಕೇಳಬೇಕು.

ಹಾಗಾಗಿ ಒಬ್ಬೊಬ್ಬರನ್ನೇ ಹೋಗಿ ಒಪ್ಪಿಸಬೇಕು. ನಾನು 2019ರಲ್ಲಿ ಆ ಕೆಲಸಕ್ಕೆ ಇಳಿದೆ. ಆಗ ಪ್ರತಿನಿಧಿ ಸಭೆಯಲ್ಲಿ ಎಚ್.ಆರ್. 1044 ಅನ್ನುವ ಮಸೂದೆ ಇತ್ತು. ಶೇ. 7ರ ಮಿತಿಯನ್ನು ಕೆಲಸದ ಗ್ರೀನ್ ಕಾರ್ಡಿನಿಂದ ತೆಗೆಯುವುದು ಅದರ ಉದ್ದೇಶ. ಕ್ಯಾಲಿಫೋರ್ನಿಯಾದ ಡೆಮಾಕ್ರಟ್ ಜೋ ಲಾಫ್‌ಗ್ರೆನ್ ಮತ್ತು ಕೊಲೊರಾಡೊದ ರಿಪಬ್ಲಿಕನ್ ಕೆನ್ ಬಕ್ ಸೇರಿ ತಂದಿದ್ದರು.

ಮೊದಲು ಕಚೇರಿಗೆ ಇಮೇಲ್ ಮಾಡಿ ಸಮಯ ಕೇಳಿ. ಅದರಲ್ಲಿ ನಿಮ್ಮ ಜಿಪ್ ಕೋಡ್, ಅಂದರೆ ಇಲ್ಲಿನ ಪಿನ್ ಕೋಡ್, ಇರಲೇಬೇಕು. ಅವರು ಮೊದಲು ನೋಡುವುದು ಅದನ್ನೇ. ನೀವು ಆ ಕ್ಷೇತ್ರದಲ್ಲಿ ಇದ್ದೀರಾ, ಅಲ್ಲಿ ಕೆಲಸ ಮಾಡುತ್ತಿದ್ದೀರಾ ಅನ್ನುವುದು ನಿಮ್ಮ ಡಿಗ್ರಿಗಿಂತ ದೊಡ್ಡದು. ಪೌರತ್ವ ಪಡೆದ ಪಕ್ಕದ ಮನೆಯವರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು.

ಪ್ರತಿನಿಧಿಗಳ ಕಚೇರಿಗಳು ಕ್ಯಾನನ್, ಲಾಂಗ್‌ವರ್ತ್, ರೇಬರ್ನ್ ಕಟ್ಟಡಗಳಲ್ಲಿವೆ. ಸೆನೆಟರುಗಳದು ಸಂಸತ್ ಭವನವಾದ ಕ್ಯಾಪಿಟಲ್‌ನ ಆಚೆ ಬದಿ, ರಸೆಲ್, ಡರ್ಕ್ಸನ್, ಹಾರ್ಟ್‌ನಲ್ಲಿ. ಒಂದೇ ದಿನ ಎರಡೂ ಕಡೆ ಓಡಾಡುವ ಹಾಗಿದ್ದರೆ ಸರಿಯಾದ ಚಪ್ಪಲಿ ಹಾಕಿಕೊಂಡು ಹೋಗಿ. ಸಂಸದರೇ ಸಿಗುವುದು ಅಪರೂಪ. ಮಾತಾಡುವುದು ವಲಸೆ ವಿಷಯ ನೋಡಿಕೊಳ್ಳುವ ಸಹಾಯಕರ ಜೊತೆ. ಬಹಳಷ್ಟು ಸಲ ಅವರು ಎಳೆಯ ವಯಸ್ಸಿನವರು. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಸಂಸದರಿಗೆ ವಿಷಯ ಮುಟ್ಟಿಸುವವರು ಅವರೇ.

ಸಿಗುವುದು ಹದಿನೈದು, ಇಪ್ಪತ್ತು ನಿಮಿಷ. ನಾನು ಒಂದೇ ಹಾಳೆ ಕೊಟ್ಟು ಬರುತ್ತಿದ್ದೆ. ಅದರಲ್ಲಿ ಮಸೂದೆಯ ನಂಬರು, ನಮ್ಮ ಕ್ಷೇತ್ರದ ಒಂದೆರಡು ಕುಟುಂಬದ ಕಥೆ, ಕೊನೆಗೆ ಒಂದು ಬೇಡಿಕೆ: "ಸಹಪ್ರಾಯೋಜಕರಾಗಿ," ಅಂದರೆ ಮಸೂದೆಗೆ ನಿಮ್ಮ ಹೆಸರನ್ನೂ ಸೇರಿಸಿ. ರಿಪಬ್ಲಿಕನ್ ಕಚೇರಿಯಲ್ಲಿ ಅರ್ಹತೆಯ ಮಾತು ಮೊದಲು ಹೇಳುತ್ತಿದ್ದೆ: ಹುಟ್ಟಿದ ದೇಶ ನೋಡಬೇಡಿ, ಕೌಶಲ ನೋಡಿ. ಡೆಮಾಕ್ರಟ್ ಕಚೇರಿಯಲ್ಲಿ ಮಕ್ಕಳ ಮಾತು ಮೊದಲು. ವಿಷಯ ಎರಡೂ ಕಡೆ ಒಂದೇ, ಶುರು ಮಾಡುವ ಜಾಗ ಬೇರೆ. ಇದರಲ್ಲಿ ಮೋಸವೇನೂ ಇಲ್ಲ, ಅಲ್ವಾ? ಕೇಳುವವರ ಕಾಳಜಿ ತಿಳಿದು ಮಾತಾಡುವುದು ಅಷ್ಟೇ.

ಕಷ್ಟದ ಪ್ರಶ್ನೆಯೂ ಬರುತ್ತದೆ. "ಒಟ್ಟು ಸಂಖ್ಯೆ ಹೆಚ್ಚಿಸದೆ ಮಿತಿ ಮಾತ್ರ ತೆಗೆದರೆ ಬೇರೆ ದೇಶದವರು ಕಾಯಬೇಕಲ್ಲ?" ಹೌದು, ಕಾಯಬೇಕು. ನಾನು ಅದನ್ನು ಮುಚ್ಚಿಡಲಿಲ್ಲ. ಈಗ ಕಾಯುವ ಭಾರವೆಲ್ಲ ಒಂದೆರಡು ದೇಶದವರ ಮೇಲಿದೆ, ಅದನ್ನು ಎಲ್ಲರೂ ಹಂಚಿಕೊಳ್ಳಲಿ ಅಂತ ಹೇಳುತ್ತಿದ್ದೆ. ಆ ಸಹಾಯಕರು ನಾಳೆ ಮಸೂದೆಯನ್ನು ವಿರೋಧಿಸುವವರ ವಾದವನ್ನೂ ಕೇಳುತ್ತಾರೆ. ಇವತ್ತು ಸುಳ್ಳು ಹೇಳಿದರೆ ಮತ್ತೆ ಆ ಬಾಗಿಲು ತೆರೆಯುವುದಿಲ್ಲ.

2019ರ ಜುಲೈ 10ರಂದು ಮಸೂದೆ 365-65 ಮತಗಳಿಂದ ಪಾಸಾಯಿತು. ಎರಡೂ ಪಕ್ಷದವರು ವೋಟು ಹಾಕಿದ್ದರು. ಅವತ್ತಿನ ಖುಷಿ ನಾನು ಮರೆಯುವುದಿಲ್ಲ.

ಸೆನೆಟ್ ಬೇರೆಯೇ ಲೋಕ. ಅಲ್ಲಿ ಯೂಟಾದ ರಿಪಬ್ಲಿಕನ್ ಮೈಕ್ ಲೀ ಅವರ ಎಸ್. 386 ಇತ್ತು, ಕಮಲಾ ಹ್ಯಾರಿಸ್ ಜೊತೆಗಿದ್ದರು. ಸರ್ವಾನುಮತದ ದಾರಿಯಲ್ಲಿ ಹೋದರೆ ಮಸೂದೆ ಬೇಗ ಪಾಸಾಗುತ್ತದೆ, ಆದರೆ ಒಬ್ಬ ಸೆನೆಟರ್ ಬೇಡ ಅಂದರೂ ನಿಂತುಹೋಗುತ್ತದೆ. ಕೆಂಟಕಿಯ ರಿಪಬ್ಲಿಕನ್ ರ‍್ಯಾಂಡ್ ಪಾಲ್ ನರ್ಸ್‌ಗಳ ವಿಷಯ ಎತ್ತಿ ತಡೆದರು. ಇಲಿನಾಯ್‌ನ ಡೆಮಾಕ್ರಟ್ ಡಿಕ್ ಡರ್ಬಿನ್ ಒಟ್ಟು ಸಂಖ್ಯೆಯನ್ನೇ ಹೆಚ್ಚಿಸಬೇಕು ಅಂತ ತಡೆದರು. ತಡೆಯೂ ಎರಡೂ ಪಕ್ಷಗಳಿಂದ ಬಂತು ನೋಡಿ. ಒಂದೊಂದು ಆಕ್ಷೇಪಕ್ಕೂ ಒಂದೊಂದು ತಿದ್ದುಪಡಿ ಸೇರಿಸಿ, ಕೊನೆಗೆ 2020ರ ಡಿಸೆಂಬರ್ 2ರಂದು ಸೆನೆಟ್‌ನಲ್ಲೂ ಪಾಸಾಯಿತು. ಅಷ್ಟರಲ್ಲಿ ಅದರ ರೂಪ ಬದಲಾಗಿತ್ತು. ಎರಡೂ ಸಭೆಗಳು ಒಂದೇ ರೂಪಕ್ಕೆ ಒಪ್ಪುವಷ್ಟರಲ್ಲಿ ಜನವರಿ 3 ಬಂತು, ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು. ಅವಧಿ ಮುಗಿದರೆ ಮಸೂದೆಯೂ ಸತ್ತ ಹಾಗೆ.

ಆಮೇಲೆ ಅದೇ ಉದ್ದೇಶದ ಎಚ್.ಆರ್. 3648 ಮಸೂದೆ ಬಂತು. 2022ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರವೇ ಅದಕ್ಕೆ ಬೆಂಬಲ ಅಂತ ಹೇಳಿಕೆ ಕೊಟ್ಟಿತು. ಆದರೂ ಸಭೆಯಲ್ಲಿ ಮತಕ್ಕೇ ಬರಲಿಲ್ಲ. ಶ್ವೇತಭವನದಲ್ಲಿ ಯಾರಿದ್ದಾರೆ ಅನ್ನುವುದನ್ನೇ ನೋಡುತ್ತ ಕೂರುವವರಿಗೆ ನಾನು ಹೇಳುವುದು ಇದೇ ಉದಾಹರಣೆ.

ವಾಷಿಂಗ್ಟನ್‌ಗೆ ಹೋಗಲು ಆಗದಿದ್ದರೆ ಆಗಸ್ಟ್ ರಜೆಯಲ್ಲಿ ನಿಮ್ಮ ಊರಿನ ಹತ್ತಿರದ ಕ್ಷೇತ್ರ ಕಚೇರಿಗೆ ಹೋಗಿ. ಆಗ ಸಂಸದರು ಊರಲ್ಲೇ ಇರುವ ಸಾಧ್ಯತೆ ಜಾಸ್ತಿ. ಬಂದ ಮೇಲೆ ಧನ್ಯವಾದದ ಇಮೇಲ್ ಕಳಿಸಿ, ಒಂದು ತಿಂಗಳು ಬಿಟ್ಟು ಮತ್ತೆ ವಿಚಾರಿಸಿ. ಸಹಾಯಕರು ಬೇಗ ಬೇಗ ಕೆಲಸ ಬದಲಾಯಿಸುತ್ತಾರೆ. ಹೊಸಬರು ಬಂದರೆ ಆ ಒಂದು ಹಾಳೆಯನ್ನು ಮತ್ತೆ ಕೊಟ್ಟು, ಕಥೆಯನ್ನು ಮೊದಲಿನಿಂದ ಹೇಳಿ.