ಅರವತ್ತರ ನಂತರ ಸ್ನಾಯು ಉಳಿಸಿಕೊಂಡು ತೂಕ ಇಳಿಸುವ ಬಗೆ

ವಯಸ್ಸಾದವರು ಕೇವಲ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಹಾಗೆ ಕಳೆದುಕೊಂಡ ಸ್ನಾಯುವನ್ನು ಮರಳಿ ಬೆಳೆಸುವುದು ಕಷ್ಟವಾದ್ದರಿಂದ, ವಾರಕ್ಕೆ ಅರ್ಧ ಕಿಲೋಗಿಂತ ವೇಗವಾಗಿ ಇಳಿಸಲು ಹೊರಡಬಾರದು.

ಮೊದಲು ತಟ್ಟೆಯನ್ನು ಗಮನಿಸಿ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ಬೆಳಗಿನ ಉಪ್ಪಿಟ್ಟು, ರಾತ್ರಿಯ ಅನ್ನ ಮತ್ತು ತಿಳಿಸಾರು ಈ ಲೆಕ್ಕಕ್ಕೆ ಸೇರಿಸುವುದು ಬಹಳ ಕಡಿಮೆ. ನಮ್ಮ ಹಿರಿಯರ ಊಟದ ದೊಡ್ಡ ಕೊರತೆ ಇದೇ ಎಂದು ನನಗನಿಸುತ್ತದೆ. ಅನ್ನವನ್ನು ಅರ್ಧಕ್ಕಿಳಿಸಿ, ಹುರುಳಿ ಅಥವಾ ಹೆಸರುಕಾಳಿನ ಉಸಲಿ, ಗಟ್ಟಿ ಬೇಳೆ, ಮೊಸರು, ಪನೀರ್, ತಿನ್ನುವವರಾದರೆ ಮೊಟ್ಟೆ, ಮೀನುಗಳನ್ನು ಮೂರೂ ಹೊತ್ತಿಗೆ ಹಂಚಿಕೊಳ್ಳಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆಹಾರ ಬದಲಿಸಬಾರದು.

ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಸ್ನಾಯುವಿಗೆ ಅದೊಂದೇ ಸಾಲದು. ವಾರಕ್ಕೆ 2–3 ದಿನ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಎದುರಾಗಿ ನಿಂತು ಕೈಯೂರಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದನ್ನು ಮಾಡಿ, 10 ಬಾರಿ ಸುಲಭವೆನಿಸಿದಾಗ ಭಾರ ಹೆಚ್ಚಿಸಿ. ತೂಕ ಇಳಿಯುತ್ತಿದ್ದರೂ ಕುರ್ಚಿಯಿಂದ ಏಳುವುದು ಮೊದಲಿಗಿಂತ ಕಷ್ಟವಾದರೆ, ಇಳಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಿರಿ.