20 ರೂಪಾಯಿ ಸ್ಕೇಲು, ಹಲ್ಲಲ್ಲಿ ದಾರ: ಮಲ್ಪೆ ಕಡಲಲ್ಲಿ ಡಾಲ್ಫಿನ್ ಎಣಿಸಿದ ಅನುಭವ

ಡಾಲ್ಫಿನ್ ಎಷ್ಟು ದೂರದಲ್ಲಿದೆ ಅಂತ ಮರದ ಸ್ಕೇಲಿನಲ್ಲಿ ಅಳೆಯುತ್ತೇನೆ ಅಂದಾಗ ಜೊತೆಯವರೇ ನಕ್ಕಿದ್ದರು. ಈಗ ಎರಡು ಸೀಸನ್ ಸೇರಿ 60ಕ್ಕೂ ಜಾಸ್ತಿ ಗುಂಪು ನನ್ನ ಪುಸ್ತಕದಲ್ಲಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಸಂಶೋಧನಾ ಹಡಗಿನಲ್ಲಿ ಒಂದು ಟ್ರಿಪ್ ಹೋಗಿದ್ದೆ. ಎತ್ತರದ ಡೆಕ್, ದೂರ ಅಳೆಯಲು ಗೆರೆ ಇರುವ ಬೈನಾಕ್ಯುಲರ್, ಹೊತ್ತು ಹೊತ್ತಿಗೆ ಊಟ. ಆದರೆ ಅಷ್ಟು ದೊಡ್ಡ ಹಡಗು ದಡದ ಹತ್ತಿರ ಬರುವುದಿಲ್ಲ, ನನಗೆ ಬೇಕಾದ ಗೂನುಬೆನ್ನಿನ ಡಾಲ್ಫಿನ್ 20 ಮೀಟರ್‌ಗಿಂತ ಆಳಕ್ಕೆ ಹೋಗುವುದೇ ಕಡಿಮೆ. ಕೊನೆಗೆ ಮಲ್ಪೆಯಲ್ಲಿ ಬೋಟು ಬಾಡಿಗೆಗೆ ಹಿಡಿದೆ. ಡೀಸೆಲು, ಸಂಬಳ ಸೇರಿ ದಿನಕ್ಕೆ ಎಂಟೊಂಬತ್ತು ಸಾವಿರ. "ಡಾಲ್ಫಿನ್ ಎಣಿಸಿ ಎಂತ ಮಾಡ್ತೀರಿ ಮಾರಾಯ್ರೆ?" ಅಂತ ಬೋಟು ನಡೆಸುವ ತಾಂಡೇಲರು ಕೇಳಿದ್ದರು.

ಮೊದಲ ವರ್ಷ ದುಡ್ಡು ನೀರಿಗೇ ಹೋಯಿತು. ಎಂಟು ಗಂಟೆಗೆ ಹೊರಡುತ್ತಿದ್ದೆವು, ಹನ್ನೊಂದಕ್ಕೆ ಗಾಳಿ ಎದ್ದು ಕಂಡ ಕಂಡ ನೊರೆಯೆಲ್ಲ ಡಾಲ್ಫಿನ್ನೇ. ಆರು ದಿನ, ಸುಮಾರು 50 ಸಾವಿರ, ಸಿಕ್ಕಿದ್ದು 11 ಗುಂಪು. ಎಣಿಕೆಗೆ ಗುಂಪು ಎಷ್ಟು ದೂರದಲ್ಲಿತ್ತು ಅನ್ನುವುದೂ ಬೇಕು, ಅದರಲ್ಲೂ ಒಂದೇ ಗುಂಪಿಗೆ ನಾನು 200 ಮೀಟರ್ ಬರೆದರೆ ಗೆಳೆಯ 350 ಬರೆದಿದ್ದ.

ಸ್ಕೇಲು ಬಂದದ್ದು ಆಮೇಲೆ. ಕ್ಯಾಬಿನ್ ಮೇಲೆ ನಿಂತರೆ ನನ್ನ ಕಣ್ಣು ನೀರಿನಿಂದ 4 ಮೀಟರ್ ಎತ್ತರ. ಸ್ಕೇಲಿನ ಸೊನ್ನೆಯನ್ನು ಆಕಾಶ ಕಡಲು ಸೇರುವ ಗೆರೆಗೆ ಹಿಡಿದರೆ, 100 ಮೀಟರ್ ದೂರದ ಪ್ರಾಣಿ ಎರಡೂವರೆ ಸೆಂಟಿಮೀಟರ್ ಕೆಳಗೆ ಕಾಣುತ್ತದೆ, 200 ಆದರೆ 12 ಮಿಲಿಮೀಟರ್, 500 ಆದರೆ ನಾಲ್ಕೂವರೆ. ಅದರಾಚೆ ಸುಮ್ನೆ ಊಹೆ. ಕೈ ಚಾಚಿ ಹಿಡಿದಾಗ ಕೆಟ್ಟಿತು, ಒಬ್ಬೊಬ್ಬರ ಕೈ ಒಂದೊಂದು ಉದ್ದ ಅಲ್ವಾ? ಸ್ಕೇಲಿಗೆ 65 ಸೆಂಟಿಮೀಟರ್ ದಾರ ಕಟ್ಟಿ ತುದಿಯನ್ನು ಹಲ್ಲಲ್ಲಿ ಕಚ್ಚಿದ ಮೇಲೆ ಸರಿಹೋಯಿತು. ಬಾವುಟ ಸಿಕ್ಕಿಸಿದ ಖಾಲಿ ಕ್ಯಾನು ತೇಲಿಬಿಟ್ಟು ಜಿಪಿಎಸ್ ಜೊತೆ ತಾಳೆ ನೋಡಿದೆ, 300 ಮೀಟರ್‌ವರೆಗೆ ನೂರಕ್ಕೆ ಹತ್ತರಷ್ಟು ಆಚೀಚೆ. ಹಿಂದೆ ಅರಬ್ ನಾವಿಕರು ಕಮಾಲ್ ಅನ್ನುವ ಹಲಗೆಯ ದಾರ ಹೀಗೇ ಕಚ್ಚಿ ನಕ್ಷತ್ರದ ಎತ್ತರ ಅಳೆಯುತ್ತಿದ್ದರಂತೆ. ಮೊದಲೇ ಗೊತ್ತಿದ್ದರೆ ನಕ್ಕವರಿಗೆ ಹೇಳುತ್ತಿದ್ದೆ.

ಅಲೆಯ ಮೇಲೆ ಬೋಟು ಕುಲುಕುವಾಗ ಯಾವ ಕ್ಷಣಕ್ಕೆ ಓದಬೇಕು ಅನ್ನುವುದು ಬೇರೆ ವಿಷಯ. ಅದನ್ನು ಬರೆಯುವುದಿಲ್ಲ, ಮಲ್ಪೆಗೆ ಬನ್ನಿ, ತೋರಿಸುತ್ತೇನೆ. ಇನ್ನು, ಹೊರಡುವುದು ಬೆಳಕು ಹರಿಯುವ ಮೊದಲೇ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ.

ನಡುವೆ ಒಂದು ಹುಚ್ಚು. ಡಾಲ್ಫಿನ್ನಿನ ನಂಟನಾದ, ಬೆನ್ನರೆಕ್ಕೆ ಇಲ್ಲದ ಕಡಲಹಂದಿ ಹಾರುವುದಿಲ್ಲ, ಬೋಟಿನ ಹತ್ತಿರ ಬರುವುದಿಲ್ಲ, ಕಡಲು ಕನ್ನಡಿಯಂತಿದ್ದರೆ ಮಾತ್ರ ಕಣ್ಣಿಗೆ ಬಿದ್ದೀತು. ಕಿವಿಯಲ್ಲಿ ಹಿಡಿಯೋಣ ಅಂತ ಮೈಕು ಮಾಡಿ ನೀರಿಗಿಳಿಸಿದೆ. ಒಗ್ಗರಣೆ ಸಿಡಿದ ಹಾಗೆ ಚಟಪಟ ಕೇಳಿತು, ಕುಣಿದುಬಿಟ್ಟೆ. ಅದು ಸಿಗಡಿ! ಈ ಕಡಲಹಂದಿಯ ಸದ್ದು 100 ಕಿಲೋಹರ್ಟ್ಜ್‌ಗಿಂತ ಮೇಲೆ, ನಮ್ಮ ಕಿವಿಗೂ ಮೊಬೈಲಿಗೂ ದಕ್ಕುವುದಲ್ಲ. ಮೂರು ಸಾವಿರ ಹೋಯಿತು.

ಮೊನ್ನೆ ದಾರ ಅಳೆದೆ. ಕಚ್ಚಿ ಎಳೆದು 67 ಸೆಂಟಿಮೀಟರ್ ಆಗಿದೆ, ಅಂದರೆ ಕೊನೆಕೊನೆಗೆ ಬರೆದ ಡಾಲ್ಫಿನ್‌ಗಳೆಲ್ಲ ಸ್ವಲ್ಪ ಹತ್ತಿರ ಬಂದುಬಿಟ್ಟಿವೆ. ಆ ಪುಟಗಳನ್ನು ಮತ್ತೆ ಲೆಕ್ಕ ಹಾಕುತ್ತಿದ್ದೇನೆ.