ಮಿಖಾಯೆಲ್ ಮೈಯರ್‌ನ ಜೀವನಚರಿತ್ರೆಯನ್ನು ಅಭ್ಯಾಸ ಮಾಡುವ ಕ್ರಮ

ಜರ್ಮನಿಯ ವೈದ್ಯ ಹಾಗೂ ರಸವಾದಿ ಮಿಖಾಯೆಲ್ ಮೈಯರ್‌ನ ಬದುಕನ್ನು ಅರಿಯಬಯಸುವವರು ಮೊದಲಿಗೆ, ಅವನು ಯಾವ ವರ್ಷ ಯಾವ ಊರಿನಲ್ಲಿ ಯಾರ ಆಶ್ರಯದಲ್ಲಿದ್ದನೆಂಬ ಪಟ್ಟಿಯೊಂದನ್ನು ಬರೆದಿಟ್ಟುಕೊಳ್ಳಬೇಕು. ಹೋಲ್‌ಸ್ಟೈನ್ ಪ್ರಾಂತದಲ್ಲಿ ಹುಟ್ಟಿದ ಅವನ ಜನ್ಮವರ್ಷ ಕೆಲವು ಕಡೆ 1568, ಕೆಲವು ಕಡೆ 1569 ಎಂದಿರುವುದರಿಂದ ಎರಡನ್ನೂ ನಮೂದಿಸುವುದೇ ಸರಿ. 1596ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯ ಪದವಿ ಪಡೆದಾಗ ಅವನು ತನ್ನ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಮೂರ್ಛೆರೋಗ. ಈ ಸಂಗತಿಯನ್ನು ಬಿಡಬಾರದು, ಏಕೆಂದರೆ ರಸವಾದಿಯ ಬೆರಗಿನಲ್ಲಿ ವೈದ್ಯನನ್ನು ಮರೆತುಬಿಡುವುದು ಬಹಳ ಸುಲಭ.

ಎರಡನೆಯದಾಗಿ, ದಿನಾಂಕ ಕಂಡಲ್ಲೆಲ್ಲ ಅದು ಯಾವ ಪಂಚಾಂಗದ್ದೆಂದು ಕೇಳಿಕೊಳ್ಳಬೇಕು. 1609ರಲ್ಲಿ ಪವಿತ್ರ ರೋಮನ್ ಸಾಮ್ರಾಟ ಎರಡನೆಯ ರುಡಾಲ್ಫ್ ಮೈಯರ್‌ಗೆ ಆಸ್ಥಾನವೈದ್ಯನ ಸ್ಥಾನವನ್ನೂ ಕೌಂಟ್ ಪ್ಯಾಲಟೈನ್ ಎಂಬ ಗೌರವ ಪದವಿಯನ್ನೂ ಕೊಟ್ಟ ಪ್ರಾಗ್ ನಗರದಲ್ಲಿ ಹೊಸದಾದ ಗ್ರೆಗೋರಿಯನ್ ಪಂಚಾಂಗವಿತ್ತು. 1611ರ ಕ್ರಿಸ್‌ಮಸ್‌ಗೆ ಅವನು ದೊರೆ ಒಂದನೆಯ ಜೇಮ್ಸ್‌ಗೆ ಗುಲಾಬಿಯ ಆಕಾರದಲ್ಲಿ ಅಕ್ಷರಗಳನ್ನು ಜೋಡಿಸಿದ ಶುಭಾಶಯವನ್ನು ಅರ್ಪಿಸಿದ ಇಂಗ್ಲೆಂಡಿನಲ್ಲಿ ಇನ್ನೂ ಹಳೆಯ ಜೂಲಿಯನ್ ಪಂಚಾಂಗವೇ ನಡೆಯುತ್ತಿತ್ತು. ಎರಡರ ನಡುವಿನ ಅಂತರ ಹತ್ತು ದಿನ. ಅದೇ 1611ರಲ್ಲಿ ರುಡಾಲ್ಫ್ ಬೊಹೀಮಿಯದ ಕಿರೀಟವನ್ನು ಕಳೆದುಕೊಂಡಿದ್ದನೆಂಬುದನ್ನು ಪಕ್ಕದಲ್ಲೇ ಬರೆದುಕೊಂಡರೆ, ಆಸರೆ ಹುಡುಕುತ್ತಿದ್ದ ವಿದ್ವಾಂಸನೊಬ್ಬನ ಚಿತ್ರ ಆ ಗುಲಾಬಿಯ ಹಿಂದೆ ಕಾಣತೊಡಗುತ್ತದೆ.

ಇಷ್ಟಾದ ಮೇಲೆ 1617-18ರಲ್ಲಿ ಓಪೆನ್‌ಹೈಮ್‌ನಲ್ಲಿ ಅಚ್ಚಾದ, ಅವನ ರಸವಾದದ ಗ್ರಂಥ ‘ಅಟಲಾಂಟ ಫ್ಯೂಜಿಯೆನ್ಸ್’ಗೆ ಬರಬಹುದು. ಅದರ ಐವತ್ತು ಲಾಂಛನಗಳನ್ನು ಒಂದೇ ಉಸಿರಿಗೆ ಓದಲು ಹೋಗದೆ, ಒಂದನ್ನು ಆರಿಸಿಕೊಂಡು ಧ್ಯೇಯವಾಕ್ಯ, ಚಿತ್ರ, ಪದ್ಯ, ಮೂರು ಧ್ವನಿಗಳ ಗೀತ, ಗದ್ಯವಿವರಣೆ ಇವೆಲ್ಲವನ್ನೂ ಒಟ್ಟಿಗೆ ನೋಡಬೇಕು. ನಾನು 42ನೆಯದನ್ನು ಸೂಚಿಸುತ್ತೇನೆ. ರಾತ್ರಿಯ ಹೊತ್ತು ಪ್ರಕೃತಿಯೆಂಬ ಹೆಣ್ಣು ಮುಂದೆ ನಡೆಯುತ್ತಿದ್ದಾಳೆ. ಕನ್ನಡಕ ಧರಿಸಿದ ವೃದ್ಧನೊಬ್ಬ ಊರುಗೋಲು, ಲಾಟೀನು ಹಿಡಿದು, ನೆಲದಲ್ಲಿ ಮೂಡಿದ ಅವಳ ಹೆಜ್ಜೆಗುರುತುಗಳನ್ನು ಹುಡುಕುತ್ತ ಹಿಂಬಾಲಿಸುತ್ತಿದ್ದಾನೆ. ಧ್ಯೇಯವಾಕ್ಯದ ಪ್ರಕಾರ ಪ್ರಕೃತಿಯೇ ಮಾರ್ಗದರ್ಶಿ, ವಿವೇಚನೆ ಊರುಗೋಲು, ಅನುಭವ ಕನ್ನಡಕ, ಓದು ದೀಪ. ರೋಗಿಯ ಮುಂದೆ ಕುಳಿತ ವೈದ್ಯನಿಗೂ ಬೇಕಾದವು ಇವೇ ಅಲ್ಲವೇ? ಬಾಸೆಲ್‌ನ ಪ್ರಬಂಧಕ್ಕೂ ಈ ಚಿತ್ರಕ್ಕೂ ಇರುವ ನಂಟನ್ನು ಇಲ್ಲಿ ನಿಂತು ಯೋಚಿಸಬೇಕು.

ಆ ಕಾಲದಲ್ಲಿ ಸುದ್ದಿಯಾಗಿದ್ದ ರಹಸ್ಯ ಸಹೋದರ ಸಂಘವೆನ್ನಲಾದ ರೋಸಿಕ್ರೂಷಿಯನ್ ಪಂಥದ ಮಾತು ಬಂದಾಗ ಹೆಚ್ಚಿನ ಎಚ್ಚರ ಬೇಕು. ಮೈಯರ್ ಅದನ್ನು ಸಮರ್ಥಿಸಿ ಬರೆದದ್ದು ನಿಜ. ಆದರೆ ಸಮರ್ಥನೆಯನ್ನೇ ಸದಸ್ಯತ್ವದ ಪುರಾವೆಯೆಂದು ಬರೆದುಕೊಳ್ಳಬಾರದು. ಕೊನೆಯಲ್ಲಿ ಪಟ್ಟಿಗೆ ಎರಡು ಸಾಲು ಸೇರಿಸಿ: 1619ರಲ್ಲಿ ಹೆಸ್ಸೆ-ಕಾಸೆಲ್‌ನ ದೊರೆ ಮೋರಿಟ್ಸ್‌ನ ವೈದ್ಯನಾಗಿ ನೇಮಕ, 1622ರಲ್ಲಿ ಮಾಗ್ಡೆಬುರ್ಗ್‌ನಲ್ಲಿ ಮರಣ.